ತೊಟ್ಟಿಗೆ ತಕ್ಕ ಮೀನು

ಪರೀಕ್ಷೆ ಮುಗಿದ ಖುಷಿಗೆ ಪಕ್ಕದ ಮನೆಯ ಹುಡುಗ ಒಂದು ಗಾಜಿನ ಬುಂಡೆ, ಎರಡು ಗೋಲ್ಡ್ ಫಿಶ್ ತಂದ. ಎಂಟು ದಿನ ಮನೆಯಲ್ಲಿ ಹಬ್ಬ. ಒಂಬತ್ತನೆಯ ದಿನ ಬೆಳಿಗ್ಗೆ ಎರಡೂ ಸತ್ತು ತೇಲುತ್ತಿದ್ದವು. ‘ದಿನಾ ಆಹಾರ ಹಾಕಿದ್ದೆನಲ್ಲ ಅಂಕಲ್, ಯಾಕೆ ಸತ್ತವು?’ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ. ಅವನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಲೆಕ್ಕ ತಪ್ಪಿತ್ತು.

ಅಂಗಡಿಯಲ್ಲಿ ಕಾಣುವ ಪುಟ್ಟ ಗೋಲ್ಡ್ ಫಿಶ್ ಇನ್ನೂ ಮರಿ. ಚೆನ್ನಾಗಿ ಸಾಕಿದರೆ ಅದು 15-20 ಸೆಂ.ಮೀ. ಬೆಳೆದು ಹತ್ತು ವರ್ಷ ಬಾಳಬಲ್ಲದು. ಮೀನು ಹೊರಹಾಕುವ ಅಮೋನಿಯಾ ನೀರನ್ನು ವಿಷವಾಗಿಸುತ್ತದೆ. ಫಿಲ್ಟರ್ ಇರುವ ಹಳೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬುಂಡೆಯ ಮೀನುಗಳಿಗೆ ಅಷ್ಟು ಕಾಲಾವಕಾಶ ಎಲ್ಲಿತ್ತು?

ಆದ್ದರಿಂದ ಮೀನು ಕೊಳ್ಳುವ ಮೊದಲು ಸ್ಕೇಲು ಹಿಡಿಯಿರಿ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ಗಾತ್ರ 54 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರು. ಒಂದೂವರೆ ಲೀಟರಿಗೆ ಬೆಳೆದ ಮೀನಿನ 1 ಸೆಂ.ಮೀ. ಎಂದು ಸ್ಥೂಲವಾಗಿ ಹಿಡಿದರೆ ಒಟ್ಟು 30 ಸೆಂ.ಮೀ. ಈ ಲೆಕ್ಕ ಸಣ್ಣ ಮೀನುಗಳಿಗೆ ಮಾತ್ರ. ಮೀನಿನ ಉದ್ದ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟಾಗುತ್ತದೆ, ನೆನಪಿರಲಿ.

ಇಂಥ ತೊಟ್ಟಿಗೆ ಎಂಟು ಗಂಡು ಗಪ್ಪಿ ಸಾಕು. ಗಡಸು ಬೋರ್‌ವೆಲ್ ನೀರೂ ಅವಕ್ಕೆ ಒಗ್ಗುತ್ತದೆ. ಹೆಣ್ಣೂ ಜೊತೆಗಿದ್ದರೆ ತಿಂಗಳಿಗೊಮ್ಮೆ ಮರಿಗಳ ಸೈನ್ಯವೇ ಹುಟ್ಟೀತು! ಇಲ್ಲವೇ ಗುಂಪಿನಲ್ಲೇ ಬದುಕುವ ಆರು ಜೀಬ್ರಾ ಮೀನು ಬಿಡಿ. ಇದು ನಮ್ಮ ದೇಶದ್ದೇ ಮೀನು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ ಬರೆದ ಬುಕಾನನ್ನನೇ 1822ರಲ್ಲಿ ಇದನ್ನು ವರ್ಣಿಸಿದ್ದು. ತೊಟ್ಟಿ ಇನ್ನೂ ಚಿಕ್ಕದಾಗಿ 20 ಲೀಟರ್ ಇದ್ದರೆ ಒಂದೇ ಒಂದು ಫೈಟರ್ ಮೀನು ಸಾಕು. ಎರಡು ಗಂಡು ಫೈಟರ್‌ಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಟ ಖಚಿತ.

ಆಸ್ಕರ್ ಒಂದಡಿ ಬೆಳೆಯುತ್ತದೆ. ಗಾಜು ಶುಚಿಮಾಡುತ್ತದೆಂದು ಮಾರುವ ಸಕ್ಕರ್ ಮೀನು ಅದಕ್ಕೂ ದೊಡ್ಡದಾಗಬಲ್ಲದು. ದೊಡ್ಡದಾಯಿತೆಂದು ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಹೊರಬಿದ್ದ ಸಕ್ಕರ್‌ಗಳು ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಬೀಡುಬಿಟ್ಟು ಊರಿನ ಮೀನುಗಳಿಗೆ ಕಂಟಕವಾಗಿವೆ.

ತಂದೆತಾಯಿಯರಿಗೊಂದು ಮಾತು: ಎಲ್ಲ ಮೀನುಗಳನ್ನೂ ಒಂದೇ ದಿನ ಕೊಡಿಸಬೇಡಿ. ಮೊದಲು ಎರಡು-ಮೂರು ಬಿಟ್ಟು ಕೆಲವು ವಾರ ನೋಡಿ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಲು ಮಕ್ಕಳಿಗೆ ಹೇಳಿಕೊಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಿ.

ಪಕ್ಕದ ಮನೆಯ ಹುಡುಗ ಈ ಸಲ ಮೀನಿಗೆ ಮೊದಲು ನೋಟ್‌ಬುಕ್ ತಂದ. ಅಳತೆ ಬರೆದ, ಭಾಗಿಸಿದ, ಕಾದ. ಈಗ ಅವನ ತೊಟ್ಟಿಯಲ್ಲಿ ಆರು ಜೀಬ್ರಾಗಳು ಓಡಾಡುತ್ತಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆದರೆ ಮೀನು ತನ್ನ ಹಾಸಿಗೆಯನ್ನು ತಾನೇ ಆರಿಸಿಕೊಳ್ಳಲಾರದು. ಆ ಹೊಣೆ ನಮ್ಮದು.