ಮೋಟಾರಿನ ಜ್ವರವೂ ರೇಡಿಯೇಟರಿನ ಬರೆಯೂ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮ ಜನರ ಮನಸ್ಸು ಊರಿನ ಕಡೆಗೆ ಹರಿಯುವುದು ಸಹಜವೇ ಆಗಿದೆ. ಮದುವೆ, ಉಪನಯನ, ದೈವದ ಕೋಲ, ಜಾತ್ರೆ, ಹೀಗೆ ಕಾರಣಗಳು ನೂರಾರು. ಹಿಂದೆ ಬಸ್ಸಿನ ಟಿಕೇಟಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವರಲ್ಲಿ ಹಲವರು ಇಂದು, ವರುಷಗಟ್ಟಲೆ ಕೂಡಿಟ್ಟ ಹಣದಿಂದಲೋ ಸೊಸೈಟಿಯ ಸಾಲದಿಂದಲೋ ಒಂದು ಹಳೆಯ ಕಾರನ್ನು ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಾವಾಗಿಯೇ ಹೊರಡುತ್ತಾರೆ. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಂತೋಷವು ಘಾಟಿಯ ನಡುವೆ ಹಬೆಯಾಡಿ ನಿಂತುಬಿಡುವ ಪ್ರಸಂಗಗಳೂ ಕಡಮೆಯಲ್ಲ. ಅದರ ವಿಷಯವಾಗಿ ಎರಡು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಿತರೊಬ್ಬರು, ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಮೇ ತಿಂಗಳ ಒಂದು ಮಧ್ಯಾಹ್ನ ಪುಣೆಯನ್ನು ದಾಟಿ ಖಂಬಾಟ್ಕಿ ಘಾಟಿಯನ್ನು ಏರುತ್ತಿದ್ದರು. ಲಾರಿಗಳ ಸಾಲಿನ ಹಿಂದೆ ಆಮೆಯ ನಡಿಗೆ. ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ನೀರು ಹೊಯ್ಯುವ ಆತುರದಲ್ಲಿ ಅವರು ಬರಿಗೈಯಿಂದಲೇ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದರು. ಕುದಿನೀರು ಮೊಣಕೈಯವರೆಗೆ ಚಿಮ್ಮಿತು. ಹತ್ತಿರದ ಗ್ಯಾರೇಜಿನವರು ಬಂದು, 'ರೇಡಿಯೇಟರು ಹೋಗಿದೆ' ಎಂದು ನಿಂತಲ್ಲೇ ತೀರ್ಪಿತ್ತು, ಹೊಸದನ್ನು ಕೂರಿಸಿ, ತಿಂಗಳ ಸಂಬಳದ ಬಹುಪಾಲನ್ನು ರಸೀದಿಯಿಲ್ಲದೆ ಪಡೆದುಕೊಂಡರು. ಹೆದ್ದಾರಿಯಲ್ಲಿ ಸುಖವಾಗಿ ಓಡಿದ ಗಾಡಿಯು ಕೊಲ್ಹಾಪುರದ ಪೇಟೆಯ ಸಂದಣಿಯನ್ನು ಹೊಕ್ಕೊಡನೆ ಮತ್ತೆ ಕುದಿಯಿತು. ಅಲ್ಲಿಯ ವೃದ್ಧ ಮೇಸ್ತ್ರಿಯೊಬ್ಬರು ಪರೀಕ್ಷಿಸಿದಾಗ ನಿಜಾಂಶ ಹೊರಬಿದ್ದಿತು. ರೇಡಿಯೇಟರಿನ ಹಿಂದಿನ ವಿದ್ಯುತ್ ಫ್ಯಾನು ತಿರುಗುತ್ತಲೇ ಇರಲಿಲ್ಲ! ಅದಕ್ಕೆ ವಿದ್ಯುತ್ತನ್ನು ಹಾಯಿಸುವ 'ರಿಲೇ' ಎಂಬ, ಬೆಂಕಿಪೆಟ್ಟಿಗೆಗಿಂತ ದೊಡ್ಡದಲ್ಲದ ಡಬ್ಬಿಯೊಂದು ಕೆಟ್ಟಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇಂಜಿನು ಕಾಯ್ದುದೆಲ್ಲ ರೇಡಿಯೇಟರಿನ ಅಪರಾಧವೆಂದು ಭಾವಿಸುವುದು ಇಂತಹುದೇ ಚಿಕಿತ್ಸೆ. ಈ ಭಾವನೆಯನ್ನು ಬಿಡುವ ತನಕ ನಮ್ಮವರ ಹಣವೂ ಪ್ರಾಣವೂ ಕ್ಷೇಮವಲ್ಲವೆಂಬುದು ನಮ್ಮ ಅಭಿಪ್ರಾಯ.

ವಿಷಯವು ವಾಸ್ತವದಲ್ಲಿ ಕಠಿಣವಲ್ಲ. ಇಂಜಿನಿನಲ್ಲಿ ಇಂಧನ ಉರಿದು ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಗಾಡಿ ಓಡಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಉಳಿದುದನ್ನು ಹೊತ್ತು ಹಾಕಬೇಕಾದುದು ಇಂಜಿನಿನ ಸುತ್ತ ಹರಿಯುವ ನೀರು. ಪಂಪು ಆ ನೀರನ್ನು ತಳ್ಳುತ್ತದೆ. ಇಂಜಿನು ಸುಮಾರು 80ರಿಂದ 90 ಡಿಗ್ರಿಯಷ್ಟು ಕಾಯ್ದ ಮೇಲೆ ಥರ್ಮೋಸ್ಟಾಟು ಎಂಬ ಬಾಗಿಲು ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿಯ ಸಪೂರ ನಳಿಗೆಗಳಲ್ಲಿ ಹರಿಯುವಾಗ ಗಾಳಿ ತಗಲಿ ನೀರು ತಣಿಯುತ್ತದೆ. ಗಾಡಿ ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕು. ನಿಂತಾಗ ಅಥವಾ ನಿಧಾನವಾಗಿ ಸಾಗುವಾಗ ಫ್ಯಾನು ಬೇಕು. ಈ ಸರಪಣಿಯ ಯಾವ ಕೊಂಡಿ ಕಳಚಿದರೂ ಮುಳ್ಳು ಕೆಂಪಿಗೆ ಏರುತ್ತದೆ.

ಮುಚ್ಚಳದ ಮರ್ಮವನ್ನಂತೂ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ನಾವು ಕಲಿಸಬೇಕಾಗಿಯೇ ಇಲ್ಲ. ಅದು ಪ್ರೆಷರ್ ಕುಕ್ಕರಿನ ಮರ್ಮವೇ. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಚದರ ಅಂಗುಲಕ್ಕೆ 15 ಪೌಂಡಿನಷ್ಟು ಹೆಚ್ಚಿನ ಒತ್ತಡದಲ್ಲಿ ಸುಮಾರು 121 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ರೇಡಿಯೇಟರಿನ ಮುಚ್ಚಳವು ಹೆಚ್ಚುಕಡಮೆ ಇಷ್ಟೇ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಕಾಯ್ದಿರುವಾಗ ಅದನ್ನು ತೆಗೆದರೆ ಒತ್ತಡ ತಟ್ಟನೆ ಇಳಿದು ಒಳಗಿನ ನೀರು ಆ ಕ್ಷಣವೇ ಕುದಿದು ಹಬೆಯೊಡನೆ ಎರಚುತ್ತದೆ. ಉರಿಯುವ ಒಲೆಯ ಮೇಲಿನ ಕುಕ್ಕರಿನ ಮುಚ್ಚಳವನ್ನು ಯಾವ ಅಡುಗೆಯವನೂ ತೆಗೆಯಲಾರ. ಅದೇ ವಿವೇಕವು ರಸ್ತೆಯಲ್ಲೇಕೆ ಮರೆಯಾಗಬೇಕು?

ಆದುದರಿಂದ ಮುಳ್ಳು ಏರಿದರೆ ಮೊದಲು ಏಸಿಯನ್ನು ನಿಲ್ಲಿಸಿ. ಹೀಟರು ಇದ್ದರೆ ಪೂರ್ತಿ ತೆರೆಯಿರಿ, ಅದೂ ಸ್ವಲ್ಪ ಶಾಖವನ್ನು ಎಳೆದುಕೊಳ್ಳುತ್ತದೆ. ಆಗಲೂ ಇಳಿಯದಿದ್ದರೆ, ಅಥವಾ ಹಬೆ ಕಂಡರೆ, ಗಾಡಿಯನ್ನು ಕ್ಷೇಮವಾದ ಸ್ಥಳದಲ್ಲಿ ನಿಲ್ಲಿಸಿ ಇಂಜಿನನ್ನು ಆರಿಸಿರಿ. 'ಇನ್ನೆರಡು ಮೈಲಿ ಅಷ್ಟೇ' ಎಂಬ ಮಾತು ಕೂಡದು. ಆ ಎರಡು ಮೈಲಿಯಲ್ಲಿ ಇಂಜಿನಿನ ಹೆಡ್ಡು ಬಾಗಿ, ಸಣ್ಣ ಖರ್ಚು ದೊಡ್ಡದಾದ ಉದಾಹರಣೆಗಳು ಬೇಕಾದಷ್ಟಿವೆ. ಇಂಜಿನು ಪೂರ್ತಿ ತಣಿಯುವವರೆಗೆ, ಒಂದು ಗಂಟೆಯಾದರೂ ಸರಿ, ಮುಚ್ಚಳವನ್ನು ಮುಟ್ಟಬಾರದು. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುವ ಭಯವುಂಟು. ವಿದ್ಯುತ್ ಫ್ಯಾನು ಇಂಜಿನು ನಿಂತ ಮೇಲೂ ತಟಕ್ಕನೆ ತಿರುಗಬಹುದಾದ್ದರಿಂದ ಅದರ ಬಳಿ ಕೈ ಒಯ್ಯಬಾರದು.

ಇನ್ನು ರೋಗನಿದಾನ. ಸಂದಣಿಯಲ್ಲಿ ಮಾತ್ರ ಕಾಯ್ದು ಓಟದಲ್ಲಿ ತಣಿಯುವುದಾದರೆ ಮೊದಲು ಫ್ಯಾನನ್ನೂ ಅದರ ಫ್ಯೂಜು, ರಿಲೇಗಳನ್ನೂ ನೋಡಬೇಕು. ವೇಗದಲ್ಲಿಯೂ ಏರಿನಲ್ಲಿಯೂ ಕಾಯುವುದಾದರೆ ರೇಡಿಯೇಟರಿನ ನಳಿಗೆಗಳು ಕಟ್ಟಿರಬಹುದು, ಅಥವಾ ಪಂಪು ಸೋತಿರಬಹುದು. ಹೊರಟ ಕೆಲವೇ ನಿಮಿಷಗಳಲ್ಲಿ ಕಾಯ್ದರೆ ನೀರು ಕಡಮೆಯಾಗಿದೆ, ಇಲ್ಲವೇ ಥರ್ಮೋಸ್ಟಾಟು ಮುಚ್ಚಿಕೊಂಡೇ ನಿಂತಿದೆ ಎಂದು ಶಂಕಿಸಬೇಕು. ಹೊರಗೆ ಒಂದು ಹನಿಯೂ ಸೋರದೆ ನೀರು ಇಳಿಯುತ್ತಿದ್ದು, ಹಿಂದಿನ ಕೊಳವೆಯಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಅಥವಾ ಇಂಜಿನಿನ ಎಣ್ಣೆಯು ಹಾಲು ಬೆರೆತ ಚಹದಂತೆ ಕಂಡರೆ, ದೋಷವು ಹೆಡ್ಡಿನ ಗ್ಯಾಸ್ಕೆಟ್ಟಿನದು. ಅಲ್ಲಿ ಹೊಸ ರೇಡಿಯೇಟರು ಏನೂ ಮಾಡಲಾರದು. ಎಷ್ಟೋ ವೇಳೆ ಒತ್ತಡ ಹಿಡಿಯಲಾರದ ಹಳೆಯ ಮುಚ್ಚಳವೇ, ಬಿರುಕುಬಿಟ್ಟ ರಬ್ಬರಿನ ಕೊಳವೆಯೇ ಕಾರಣವಾಗಿರುತ್ತದೆ.

ಹಾಗೆಂದು ರೇಡಿಯೇಟರನ್ನು ಎಂದೂ ಬದಲಾಯಿಸಬಾರದೆಂದು ನಾವು ಹೇಳುವುದಿಲ್ಲ. ಹಿಂದಿನ ತಾಮ್ರ ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆ ಹಾಕಿ ವರ್ಷಗಟ್ಟಲೆ ನಡೆಸಬಹುದಾಗಿತ್ತು. ಇಂದಿನವು ಹೆಚ್ಚಾಗಿ ಅಲ್ಯುಮಿನಿಯಮ್ಮಿನ ಒಡಲಿಗೆ ಪ್ಲಾಸ್ಟಿಕ್ಕಿನ ತೊಟ್ಟಿಗಳನ್ನು ಜೋಡಿಸಿದವು. ಆ ತೊಟ್ಟಿ ಸೀಳಿದರೆ, ರೆಕ್ಕೆಗಳು ಬೆರಳು ತಗಲಿದರೆ ಉದುರುವಷ್ಟು ಕೊರೆದುಹೋಗಿದ್ದರೆ, ತೊಳೆದರೂ ನಳಿಗೆಗಳು ತೆರೆಯದಿದ್ದರೆ, ಬದಲಾವಣೆಯೇ ಸರಿಯಾದ ಮಾರ್ಗ. ಕಡಲಂಚಿನ ಉಪ್ಪುಗಾಳಿಯಲ್ಲಿ ಈ ಸವೆತ ಬೇಗನೆ ಬರುತ್ತದೆ. ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಸುರಿಯುವ ಚಾಲಕರನ್ನು ನಾವು ಬಲ್ಲೆವು. ಕಾಡಿನ ನಡುವೆ ಬೇರೆ ಗತಿಯಿಲ್ಲದಾಗ ಅದು ಮುಂದಿನ ಊರು ಮುಟ್ಟಿಸೀತು. ಆದರೆ ಅದೇ ಪುಡಿಯು ಸಪೂರ ನಳಿಗೆಗಳನ್ನೂ ಮುಚ್ಚುವುದರಿಂದ ಅದನ್ನು ಔಷಧವೆಂದು ನಂಬಬಾರದು.

ಬೋರುನೀರು ಕಾಸಿದ ಬಾಯ್ಲರಿನ ಒಳಗೆ ಸುಣ್ಣದಂತಹ ಪದರ ಕಟ್ಟುವುದನ್ನು ಹೋಟೆಲಿನವರೆಲ್ಲರೂ ಕಂಡಿದ್ದಾರೆ. ರೇಡಿಯೇಟರಿನಲ್ಲಿಯೂ ಆಗುವುದು ಅದೇ. ಆದುದರಿಂದ ನಲ್ಲಿಯ ನೀರಿಗೆ ಬದಲು, ಗಾಡಿಯ ಕೈಪಿಡಿ ಹೇಳುವ ಕೂಲೆಂಟನ್ನು ಶುದ್ಧೀಕರಿಸಿದ ನೀರಿನೊಡನೆ ಹದವಾಗಿ ಬೆರೆಸಿ ತುಂಬಿಸಿ, ಕೈಪಿಡಿ ಸೂಚಿಸಿದ ಅವಧಿಗೆ ಬದಲಾಯಿಸತಕ್ಕದ್ದು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಆದರೆ ಘೋರ ವಿಷ. ಮಕ್ಕಳ ಕೈಗೆ ಸಿಗದಂತೆ ಇಡುವುದು ಅವಶ್ಯ.

ಗ್ಯಾರೇಜಿನವರೆಲ್ಲರೂ ವಂಚಕರೆಂದು ಹೇಳುವುದು ಅನ್ಯಾಯವಾದೀತು. ಕೊಲ್ಹಾಪುರದ ಆ ಮೇಸ್ತ್ರಿಯೂ ಗ್ಯಾರೇಜಿನವರೇ. 'ಏನಾದರೂ ಬದಲಾಯಿಸಿ, ಬೇಗ ಬಿಟ್ಟುಬಿಡಿ' ಎಂದು ಅವಸರಪಡುವ ನಮ್ಮಲ್ಲಿಯೂ ದೋಷವಿದೆ. 'ಕಾರಣವೇನು? ತೋರಿಸಿ' ಎಂದು ಕೇಳೋಣ. ತೆಗೆದ ಹಳೆಯ ಭಾಗವನ್ನು ಮರಳಿ ಕೇಳೋಣ. ಬಿಲ್ಲನ್ನು ಪಡೆಯೋಣ. ದಿನವಿಡೀ ಪೈಸೆ ಪೈಸೆಗೆ ಲೆಕ್ಕವಿಡುವ ಗುಮಾಸ್ತರು ತಮ್ಮ ಸ್ವಂತ ಹಣಕ್ಕೆ ರಸೀದಿ ಕೇಳಲು ಸಂಕೋಚಪಡುವುದು ವಿಚಿತ್ರವಲ್ಲವೇ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಕೈಯಲ್ಲಿ ಬಿಲ್ಲಿಲ್ಲದವನ ದೂರಿಗೆ ಬಲವೆಲ್ಲಿಯದು?

ಕೊನೆಯದಾಗಿ ನಮ್ಮ ಕನ್ನಡ ಸಂಘಗಳಲ್ಲಿ ಒಂದು ಬಿನ್ನಹ. ನಾಟಕ, ಯಕ್ಷಗಾನ, ಸನ್ಮಾನಗಳು ಅವಶ್ಯವಾಗಿ ನಡೆಯಲಿ. ಅದರೊಡನೆ ಬೇಸಿಗೆಯ ರಜೆಗೆ ಮುಂಚೆ ಒಂದು ಭಾನುವಾರ, ನಮ್ಮವರೇ ಆದ ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಕರೆಸಿ, ಒಂದು ಕಾರಿನ ಬಾನೆಟ್ಟನ್ನು ತೆರೆದಿಟ್ಟು, ಎರಡು ಗಂಟೆ ಕಾಲ ಎಲ್ಲರಿಗೂ ತೋರಿಸಲಿ. ನಮ್ಮ ಪರಿಚಿತರು ಈಗಲೂ ಅದೇ ಗಲ್ಲೆಯಲ್ಲಿ ಕೂರುತ್ತಾರೆ. ಚಿಲ್ಲರೆ ಎಣಿಸಲು ಕೈ ನೀಡಿದಾಗ ಸುಟ್ಟ ಕಲೆ ಕಾಣುತ್ತದೆ. ಅಂತಹ ಕಲೆ ಇನ್ನೊಬ್ಬರ ಕೈಯಲ್ಲಿ ಮೂಡದಿರಲೆಂದೇ ಇಷ್ಟನ್ನು ಬರೆದೆವು.