ಸ್ವಲ್ಪ ನಾಚಿಕೊಳ್ಳಿ ಮೇಡಂ!

ಮೊನ್ನೆ ಊರಿಗೆ ಹೋದಾಗ ಚಿಕ್ಕಮ್ಮನ ಮಗಳ ಮದುವೆ ಆಲ್ಬಂ ಬಂದಿತ್ತು. ಬೆಳ್ತಂಗಡಿ ಹತ್ತಿರದ ಮನೆ. ಒಬ್ಬರೇ ಎತ್ತಲಾಗದಷ್ಟು ಭಾರದ ಆಲ್ಬಂ. ಪುಟ ತಿರುಗಿಸುತ್ತಾ ಹೋದ ಹಾಗೆ ನನಗೆ ಸಂಶಯ... ಇವಳು ನಮ್ಮ ತಂಗಿಯೇ ಹೌದಾ?

ಭಾವ ಎದೆಯುಬ್ಬಿಸಿ ನೇರ ಕ್ಯಾಮೆರಾ ನೋಡುತ್ತಿದ್ದಾರೆ. ಇವಳು ತಲೆ ತಗ್ಗಿಸಿ ಅವರ ಶರ್ಟಿನ ಗುಂಡಿ ನೋಡುತ್ತಿದ್ದಾಳೆ. ಮುಖದ ಬಣ್ಣವೂ ಅವಳದ್ದಲ್ಲ, ಫೋಟೋಶಾಪಿನದ್ದು. ಮದುವೆ ದಿನ ಫೋಟೋದವರು "ಸ್ವಲ್ಪ ನಾಚಿಕೊಳ್ಳಿ ಮೇಡಂ" ಅಂದಾಗ ಇವಳು ಹಾಲ್ ಇಡೀ ಕೇಳುವ ಹಾಗೆ ನಕ್ಕಿದ್ದಳು. ಆ ನಗು ಮಾತ್ರ ಆಲ್ಬಂನಲ್ಲಿ ಎಲ್ಲೂ ಇಲ್ಲ!

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ 'ನವನಾರೀ ಕುಂಜರ' ಎಂಬ ಕೆತ್ತನೆ ಇದೆ. ಒಂಬತ್ತು ಹೆಂಗಸರು ಮೈ ಬಗ್ಗಿಸಿ, ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ದೂರದಿಂದ ನೋಡಿದರೆ ಕಾಣುವುದು ಆನೆ ಮಾತ್ರ. ನಮ್ಮ ಮದುವೆ ಆಲ್ಬಂಗಳೂ ಹೀಗೆಯೇ. 'ಮದುಮಗಳು' ಕಾಣುತ್ತಾಳೆ, ಹುಡುಗಿ ಕಾಣುವುದಿಲ್ಲ.

ತಮಾಷೆಯೆಂದರೆ, 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟರ ಮನೆತನದವಳು. ಬಂಗ ಅರಸನನ್ನು ಮದುವೆಯಾಗಿ, ಸರಿಬರದೆ ಬೇರೆಯಾಗಿ, ತಾನೇ ರಾಜ್ಯ ಆಳಿದಳು ಎಂದು ನಮ್ಮ ಕಡೆ ಹೇಳುತ್ತಾರೆ. ಅಳಿಯಸಂತಾನದ ನಾಡು ಇದು, ವಂಶ ಆಸ್ತಿ ಎಲ್ಲ ತಾಯಿಯ ಕಡೆಯಿಂದ ಬರುತ್ತಿತ್ತು. ಹಾಗಂತ ಆಗ ಎಲ್ಲವೂ ಚೆನ್ನಾಗಿತ್ತು ಎಂದಲ್ಲ, ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದೇ. ಆದರೂ ತಲೆ ತಗ್ಗಿಸಿ ನಿಂತವಳೇ ಒಳ್ಳೆಯ ಹೆಣ್ಣು ಎಂದು ನಾವು ಕಲಿತದ್ದು ಯಾರಿಂದ?

ಫೋಟೋದವರನ್ನು ದೂರಿ ಪ್ರಯೋಜನ ಇಲ್ಲ. "ಮಗಳು ಬೆಳ್ಳಗೆ ಕಾಣಬೇಕು" ಎಂದು ಅವರಿಗೆ ಹೇಳಿದ್ದು ನಮ್ಮ ಮನೆಯವರೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಬಗ್ ಇರುವುದು ಕೋಡಿನಲ್ಲಲ್ಲ, ಗಿರಾಕಿ ಕೊಟ್ಟ ರಿಕ್ವೈರ್‌ಮೆಂಟಿನಲ್ಲಿ.

ಇನ್ನೊಂದು ವಿಷಯ. ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿ ಮಗಳನ್ನು ಎಂಎಸ್ಸಿ ಓದಿಸಿದ ಚಿಕ್ಕಮ್ಮ ಇಡೀ ಆಲ್ಬಂನಲ್ಲಿ ಎರಡೇ ಫೋಟೋದಲ್ಲಿದ್ದಾರೆ. ಒಂದರಲ್ಲಿ ಅರ್ಧ.

ತಂಗಿ ನಕ್ಕಾಗ ನಾನು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿದ್ದೆ. ಸ್ವಲ್ಪ ಶೇಕ್ ಆಗಿದೆ, ಪಕ್ಕದಲ್ಲಿ ಚಿಕ್ಕಮ್ಮನೂ ನಗುತ್ತಿದ್ದಾರೆ. ಬಂಟ್ವಾಳದ ಬಿ.ಸಿ.ರೋಡಿಗೆ ಹೋಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಚಿಕ್ಕಮ್ಮ ಫ್ರೇಮ್ ಮಾಡಿಸಿ ಚಾವಡಿಯ ಗೋಡೆಗೆ ಹಾಕಿದ್ದಾರೆ.

ಆಲ್ಬಂ ಕಪಾಟಿನಲ್ಲಿದೆ. ನಿಮ್ಮ ಮನೆಯದ್ದನ್ನೂ ಒಮ್ಮೆ ತೆಗೆದು ನೋಡಿ... ಅದರಲ್ಲಿ ಇರುವುದು ಯಾರು?