ಧಾತುಗಳ ಮನೆತನ

ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ, ಚೌಕಗಳಿಂದ ತುಂಬಿದ ಒಂದು ಪಟವನ್ನು ತಾಯಿತಂದೆಗಳು ಕಂಡಿರಬಹುದು. ಆವರ್ತ ಕೋಷ್ಟಕವೆಂದು ಅದರ ಹೆಸರು. ಮಕ್ಕಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಈವರೆಗೆ ತಿಳಿದುಬಂದಿರುವ ೧೧೮ ಧಾತುಗಳಲ್ಲಿ ಯಾವುದು ಯಾವ ಮನೆತನಕ್ಕೆ ಸೇರಿದುದು ಎಂಬುದನ್ನು ತಿಳಿಸುವ ವಂಶಾವಳಿ ಅದು. ಅದರ ಮರ್ಮವನ್ನು ಅರಿತವರಿಗೆ ತಮ್ಮ ಅಡುಗೆಮನೆಯ ಉಪ್ಪಿನ ವಿಷಯದಲ್ಲಿಯೂ ಎಚ್ಚರ ಮೂಡುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿವೇಚಿಸೋಣ.

ಧಾತುವೆಂದರೆ ರಾಸಾಯನಿಕ ಕ್ರಿಯೆಯಿಂದ ಇನ್ನೂ ಸರಳವಾದ ವಸ್ತುಗಳಾಗಿ ಒಡೆಯಲಾಗದ ಮೂಲವಸ್ತು. ಚಿನ್ನ, ಕಬ್ಬಿಣ, ಗಂಧಕ, ಆಮ್ಲಜನಕ ಇವೆಲ್ಲ ಧಾತುಗಳು. ನೀರು ಧಾತುವಲ್ಲ, ಅದು ಜಲಜನಕ ಮತ್ತು ಆಮ್ಲಜನಕಗಳ ಸಂಯೋಗ.

ಧಾತುಗಳಲ್ಲಿ ಬಾಂಧವ್ಯವಿದೆಯೆಂಬ ಸುಳಿವು ಮೊದಲು ದೊರೆತುದು ಮೂರು ಮೂರರ ಗುಂಪುಗಳಲ್ಲಿ. ಜರ್ಮನಿಯ ಡೋಬರೈನರ್ ೧೮೨೯ರಲ್ಲಿ ಇಂತಹ ತ್ರಿವಳಿಗಳನ್ನು ತೋರಿಸಿದನು. ಲಿಥಿಯಂ, ಸೋಡಿಯಂ, ಪೊಟಾಸಿಯಂ ಎಂಬ ಮೂರು ಲೋಹಗಳ ನಡತೆ ಒಂದೇ ಬಗೆಯದು. ಅವುಗಳ ಪರಮಾಣು ತೂಕ ಸುಮಾರು ೭, ೨೩, ೩೯. ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನಡುವಿನದು ಬರುತ್ತದೆ! ೧೮೬೫ರಲ್ಲಿ ಇಂಗ್ಲೆಂಡಿನ ನ್ಯೂಲೆಂಡ್ಸ್, ಧಾತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿದರೆ ಪ್ರತಿ ಎಂಟನೆಯದು ಮೊದಲನೆಯದನ್ನು ಹೋಲುತ್ತದೆಂದು ಹೇಳಿದನು. ಸಪ್ತಸ್ವರಗಳು ಮುಗಿದ ಬಳಿಕ ಮತ್ತೆ ಷಡ್ಜವೇ ಕೇಳಿಬರುವಂತೆ ಇದು. ಮರುವರ್ಷ ಲಂಡನ್ನಿನ ವಿದ್ವತ್ಸಭೆಯಲ್ಲಿ ಒಬ್ಬರು, ಅಕ್ಷರಾನುಕ್ರಮದಲ್ಲಿ ಜೋಡಿಸಿ ನೋಡಿದಿರಾ ಎಂದು ಅವನನ್ನು ಹಾಸ್ಯಮಾಡಿದರು. ೧೮೮೭ರಲ್ಲಿ ರಾಯಲ್ ಸೊಸೈಟಿಯು ಅವನಿಗೆ ಡೇವಿ ಪದಕವನ್ನಿತ್ತು ಗೌರವಿಸಿತು.

ನಡುವೆ, ೧೮೬೯ರಲ್ಲಿ, ರಷ್ಯಾದ ಮೆಂಡಲೀವ್ ಆಗ ತಿಳಿದಿದ್ದ ೬೩ ಧಾತುಗಳನ್ನು ಪರಮಾಣು ತೂಕದಂತೆ ಜೋಡಿಸಿ, ಸಮಾನ ಗುಣದವು ಒಂದೇ ಸಾಲಿಗೆ ಬರುವಂತೆ ಮಾಡಿದನು. ಅವನ ಹಿರಿಮೆಯು ಎರಡು ಧೈರ್ಯಗಳಲ್ಲಿದೆ. ಒಂದು, ಯೋಗ್ಯ ಧಾತು ದೊರೆಯದ ಕಡೆ ಸ್ಥಳವನ್ನು ಬರಿದಾಗಿ ಬಿಟ್ಟದ್ದು. ಮನೆಯ ಸದಸ್ಯನೊಬ್ಬ ಇನ್ನೂ ಬಂದಿಲ್ಲ, ಬರುತ್ತಾನೆ ಎಂಬ ನಂಬುಗೆ ಅದು. ಬರಬೇಕಾದವುಗಳಿಗೆ ಹೆಸರಿಡಲು ಅವನು ನಮ್ಮ ಸಂಸ್ಕೃತದ ‘ಏಕ’ ಶಬ್ದವನ್ನು ಆಯ್ದುಕೊಂಡನೆಂಬುದು ಸಂತೋಷದ ಸಂಗತಿ. ಅಲ್ಯೂಮಿನಿಯಂನ ಕೆಳಗಿನದು ಏಕ-ಅಲ್ಯೂಮಿನಿಯಂ, ಸಿಲಿಕಾನ್‌ನ ಕೆಳಗಿನದು ಏಕ-ಸಿಲಿಕಾನ್. ೧೮೭೫ರಲ್ಲಿ ಫ್ರಾನ್ಸಿನ ಬ್ವಾಬೋದ್ರಾನ್ ಗ್ಯಾಲಿಯಂ ಎಂಬ ಹೊಸ ಲೋಹವನ್ನು ಕಂಡುಹಿಡಿದು, ಅದರ ಸಾಂದ್ರತೆ ೪.೭ ಎಂದು ಪ್ರಕಟಿಸಿದನು. ಆ ಲೋಹವನ್ನು ಕಣ್ಣಿನಿಂದಲೂ ಕಾಣದಿದ್ದ ಮೆಂಡಲೀವ್, ಇದು ತನ್ನ ಏಕ-ಅಲ್ಯೂಮಿನಿಯಂ ಎಂದೂ ಸಾಂದ್ರತೆಯು ೫.೯ರ ಸುಮಾರಿಗೆ ಇರಬೇಕೆಂದೂ ತಿಳಿಸಿದನು. ಲೋಹವನ್ನು ಶುದ್ಧಗೊಳಿಸಿ ಮತ್ತೆ ಅಳೆದಾಗ ಬಂದ ಉತ್ತರ ೫.೯! ೧೮೮೬ರಲ್ಲಿ ದೊರೆತ ಜರ್ಮೇನಿಯಂ ಅವನ ಏಕ-ಸಿಲಿಕಾನ್ ಆಗಿತ್ತು.

ಎರಡನೆಯ ಧೈರ್ಯವೆಂದರೆ, ತೂಕಕ್ಕಿಂತ ನಡತೆಗೆ ಮನ್ನಣೆಯಿತ್ತದ್ದು. ಟೆಲ್ಯೂರಿಯಂ ಅಯೋಡಿನ್‌ಗಿಂತ ತುಸು ಭಾರ. ತೂಕವನ್ನೇ ಹಿಡಿದರೆ ಅಯೋಡಿನ್ ಮೊದಲು ಬರಬೇಕು. ಆದರೆ ಅಯೋಡಿನ್‌ನ ಸ್ವಭಾವವು ಕ್ಲೋರಿನ್, ಬ್ರೋಮಿನ್‌ಗಳದು. ಅದನ್ನು ಅವುಗಳ ಮನೆಯಲ್ಲಿಯೇ ಇರಿಸಿ, ಟೆಲ್ಯೂರಿಯಂನ ತೂಕವನ್ನು ಅಳೆದವರೇ ತಪ್ಪಿರಬೇಕೆಂದು ಅವನು ಭಾವಿಸಿದನು. ತೂಕ ಸರಿಯಾಗಿಯೇ ಇತ್ತು, ಸ್ಥಾನವೂ ಸರಿಯಾಗಿತ್ತು. ಈ ಒಗಟನ್ನು ಬಿಡಿಸಿದವನು ಇಂಗ್ಲೆಂಡಿನ ತರುಣ ಮೋಸ್ಲೆ. ಧಾತುವಿನ ಸ್ಥಾನವನ್ನು ನಿರ್ಣಯಿಸುವುದು ಪರಮಾಣುವಿನ ಬೀಜದಲ್ಲಿರುವ ಧನ ವಿದ್ಯುದಂಶದ ಸಂಖ್ಯೆಯೆಂದು ೧೯೧೩ರಲ್ಲಿ ಅವನು ಕ್ಷಕಿರಣಗಳಿಂದ ತೋರಿಸಿದನು. ಟೆಲ್ಯೂರಿಯಂ ೫೨, ಅಯೋಡಿನ್ ೫೩. ಎರಡೇ ವರ್ಷಗಳಲ್ಲಿ ಆ ಮೇಧಾವಿಯು ಗಲಿಪೊಲಿಯ ಯುದ್ಧದಲ್ಲಿ ಮಡಿದನು, ವಯಸ್ಸು ೨೭.

ಇಂದಿನ ಕೋಷ್ಟಕದಲ್ಲಿ ಅಡ್ಡಸಾಲುಗಳು ೭, ಕಂಬಸಾಲುಗಳು ೧೮. ಕಂಬಸಾಲೇ ಮನೆತನ. ಪರಮಾಣುವಿನ ಹೊರಸುತ್ತಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯೇ ಬಹುಮಟ್ಟಿಗೆ ಮನೆತನದ ಗುಣಕ್ಕೆ ಕಾರಣ. ಮೊದಲ ಕಂಬದವರಿಗೆ ಹೊರಗೆ ಒಂದೇ ಎಲೆಕ್ಟ್ರಾನ್. ಅದನ್ನು ಕೊಟ್ಟುಬಿಡುವ ಆತುರ. ಹದಿನೇಳನೆಯ ಕಂಬದವರಿಗೆ ಏಳು. ಇನ್ನೊಂದನ್ನು ಪಡೆಯುವ ಹಂಬಲ. ಹದಿನೆಂಟನೆಯವರದು ತುಂಬಿದ ಮನೆ. ಕೊಡುಕೊಳ್ಳುವ ಗೊಡವೆಯೇ ಅವರಿಗೆ ಕಡಿಮೆ. ನೀರು ಸೋಕಿದರೆ ಉರಿದೇಳುವ ಸೋಡಿಯಂ ಕೊಡುತ್ತದೆ, ಉಸಿರಾಡಿದರೆ ಪ್ರಾಣ ತೆಗೆಯಬಲ್ಲ ಕ್ಲೋರಿನ್ ಕೊಳ್ಳುತ್ತದೆ. ಆಗ ಹುಟ್ಟುವುದು ನಾವು ನಿತ್ಯ ಉಣ್ಣುವ ಉಪ್ಪು.

ಈ ನೆಂಟಸ್ತನದಲ್ಲಿ ಒಂದು ಅಪಾಯವೂ ಅಡಗಿದೆ. ನೆಂಟನ ವೇಷದಲ್ಲಿ ಬಂದವನಿಗೆ ದೇಹವು ಬಾಗಿಲು ತೆರೆಯುತ್ತದೆ. ಎಲುಬಿಗೆ ಬೇಕಾದ ಕ್ಯಾಲ್ಸಿಯಂನ ಕೆಳಗೆ, ಅದೇ ಕಂಬದಲ್ಲಿ ಸ್ಟ್ರಾನ್ಷಿಯಂ ಇದೆ. ಅಣುಬಾಂಬಿನ ಪರೀಕ್ಷೆಗಳಿಂದ ಹೊರಬಿದ್ದ ವಿಕಿರಣಶೀಲ ಸ್ಟ್ರಾನ್ಷಿಯಂ ಹುಲ್ಲಿಗಿಳಿದು, ಹಸುವಿನ ಹಾಲಿಗೆ ಬಂದು, ಮಕ್ಕಳ ಎಲುಬು ಹಲ್ಲುಗಳಲ್ಲಿ ಕ್ಯಾಲ್ಸಿಯಂನ ಜಾಗದಲ್ಲಿ ಕುಳಿತಿತು. ೧೯೫೮ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಮನೆಮನೆಗಳಿಂದ ಸಂಗ್ರಹಿಸಿ ಪರೀಕ್ಷಿಸುವ ಕಾರ್ಯ ಆರಂಭವಾಯಿತು. ಹಲ್ಲುಗಳೇ ಸಾಕ್ಷಿ ನುಡಿದವು. ವಾಯುಮಂಡಲದಲ್ಲಿ ಅಂತಹ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ೧೯೬೩ರಲ್ಲಿ ಅಮೆರಿಕ, ರಷ್ಯಾ, ಬ್ರಿಟನ್‌ಗಳು ಸಹಿ ಹಾಕಿದವು.

ಇನ್ನು ನಮ್ಮ ಮನೆಯ ಮಾತು. ರಕ್ತದೊತ್ತಡವುಳ್ಳವರಿಗೆಂದು ಸೋಡಿಯಂ ಕಡಿಮೆಯಿರುವ ಉಪ್ಪು ಅಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಸೋಡಿಯಂನ ಒಂದು ಪಾಲನ್ನು ತೆಗೆದು, ಸಾಮಾನ್ಯವಾಗಿ ಅದರ ನೆಂಟನಾದ ಪೊಟಾಸಿಯಂ ಅನ್ನು ಇರಿಸಿರುತ್ತಾರೆ. ರುಚಿಯು ಹೆಚ್ಚುಕಡಿಮೆ ಅದೇ. ಅನೇಕರಿಗೆ ಅದು ಹಿತವೂ ಹೌದು. ಆದರೆ ದೇಹವು ಈ ಇಬ್ಬರನ್ನು ಒಂದೆಂದು ಎಣಿಸುವುದಿಲ್ಲ. ಸೋಡಿಯಂ ಹೆಚ್ಚಾಗಿ ಜೀವಕೋಶದ ಹೊರಗೆ, ಪೊಟಾಸಿಯಂ ಒಳಗೆ. ಮೂತ್ರಪಿಂಡ ಸೋತವರಲ್ಲಿ ಪೊಟಾಸಿಯಂ ಹೊರಹೋಗದೆ ರಕ್ತದಲ್ಲಿ ಸೇರಿ ಹೃದಯದ ಬಡಿತವನ್ನೇ ಕೆಡಿಸಬಹುದು. ರಕ್ತದೊತ್ತಡದ ಕೆಲವು ಔಷಧಿಗಳೂ ಪೊಟಾಸಿಯಂ ಅನ್ನು ದೇಹದಲ್ಲಿ ಹಿಡಿದಿಡುತ್ತವೆ. ಆದುದರಿಂದ ಮನೆಯಲ್ಲಿ ಅಂತಹ ಹಿರಿಯರಿದ್ದರೆ ವೈದ್ಯರನ್ನು ಕೇಳದೆ ಉಪ್ಪನ್ನು ಬದಲಿಸಲಾಗದು. ಪೊಟ್ಟಣದ ಮೇಲೆ ಏನು ಬರೆದಿದೆಯೆಂದು ಮಕ್ಕಳಿಂದ ಓದಿಸಿರಿ. ಅಲ್ಲಿ ಕಂಡ ಹೆಸರುಗಳನ್ನು ಗೋಡೆಯ ಪಟದಲ್ಲಿ ತೋರಿಸಲು ಹೇಳಿರಿ. ಪಾಠವೂ ಆದೀತು, ಹಿರಿಯರ ಜೀವರಕ್ಷಣೆಯೂ ಆದೀತು.